ಗುರುವಾರದ ಮೂಳೆಸಾರು

ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ವರ್ನನ್ ಕೋಟು ತೊಟ್ಟು, ತಲೆಗೆ ಟೋಪಿ ಹಾಕಿಕೊಂಡು ಬಾಗಿಲ ಬಳಿ ಬಂದು ನಿಂತ. ಅವನ ಹೆಂಡತಿ ಕಿನುಕೊ ಅಕ್ಕಿ ತೊಳೆಯುತ್ತಿದ್ದಳು.

"ಎಲ್ಲಿಗೆ ಹೊರಟೆ?" ಎಂದಳು.

"ನಿನ್ನ ಅಮ್ಮನ ಗಾಡಿಗೆ. ರಾಮೆನ್ ತಿಂದು ಬರೋಣ, ಬೇಗ ಬಾ. ಹಡಗಿನ ಹುಡುಗರು ಬಂದು ಕೂತುಬಿಟ್ರೆ ಜಾಗ ಸಿಗಲ್ಲ."

ಕಿನುಕೊಳ ಕೈ ನೀರಿನಲ್ಲೇ ನಿಂತಿತು. ಮೂಳೆಸಾರಿಗೆ ಶ್ಯಾವಿಗೆ ಹಾಕಿ ಕೊಡುವ ರಾಮೆನ್ ಮಾರುತ್ತಿದ್ದ ಅಮ್ಮನ ತಳ್ಳುಗಾಡಿ ಇದ್ದದ್ದು ಜಪಾನಿನ ಸಾಸೆಬೊ ಬಂದರಿನಲ್ಲಿ, ನಲವತ್ತಮೂರು ವರ್ಷಗಳ ಹಿಂದೆ. ಈಗ ಅವರಿಬ್ಬರೂ ಇರುವುದು ಸಿಯಾಟಲ್‌ನಿಂದ ಫೆರಿಯಲ್ಲಿ ಒಂದು ಗಂಟೆ ದೂರದ ಬ್ರೆಮರ್ಟನ್‌ನಲ್ಲಿ. ವರ್ನನ್ ನೌಕಾದಳ ಬಿಟ್ಟ ಮೇಲೆ ಇಲ್ಲಿಯ ಹಡಗುಕಟ್ಟೆಯಲ್ಲೇ ಮೂವತ್ತು ವರ್ಷ ಬೆಸುಗೆ ಕೆಲಸ ಮಾಡಿ ನಿವೃತ್ತನಾಗಿದ್ದ. ಕಳೆದ ಚಳಿಗಾಲದಿಂದ ಅವನಿಗೆ ಮರೆವು ಹತ್ತಿತ್ತು. ಮೊದಲು ಬೀಗದ ಕೈ, ಆಮೇಲೆ ಬೀದಿಯ ಹೆಸರು, ಈಗ ವರ್ಷಗಳೇ ಹಿಂದುಮುಂದಾಗಿದ್ದವು.

"ಅಮ್ಮ ತೀರಿಕೊಂಡು ಇಪ್ಪತ್ತೆರಡು ವರ್ಷ ಆಯ್ತಲ್ಲ ವರ್ನ್" ಎಂದಳು ಮೆಲ್ಲಗೆ.

ವರ್ನನ್ ಅಲ್ಲೇ ಕುರ್ಚಿಯ ಮೇಲೆ ಕುಸಿದ. "ನನಗೆ ಯಾರೂ ಹೇಳ್ಲೇ ಇಲ್ವಲ್ಲ" ಎಂದು ಅತ್ತ. ಮರುದಿನ ಬೆಳಿಗ್ಗೆ ಮತ್ತೆ ಕೋಟು ತೊಟ್ಟು ನಿಂತ, ಮತ್ತೆ ಅದೇ ಸುದ್ದಿ ಹೊಸದಾಗಿ ಕೇಳಿ ಅತ್ತ. ಮೂರನೆಯ ದಿನ ಕಿನುಕೊಗೆ ಆ ಸುದ್ದಿ ಹೇಳುವ ಧೈರ್ಯ ಬರಲಿಲ್ಲ. "ಇವತ್ತು ಗಾಡಿ ರಜ. ನಾಳೆ ಹೋಗೋಣ" ಎಂದಳು. ಅವನು ಸಮಾಧಾನವಾಗಿ ಕೋಟು ಕಳಚಿದ.

ಆ ಗಾಡಿಯ ಹೆಸರು ಎತ್ತದೆ ಅವಳು ಇಷ್ಟು ವರ್ಷ ಬಾಳಿದ್ದಳು. ಯುದ್ಧದಲ್ಲಿ ಗಂಡನನ್ನು ಕಳೆದುಕೊಂಡ ಅಮ್ಮ ಆ ಗಾಡಿಯಿಂದಲೇ ಅವಳನ್ನು ಸಾಕಿದ್ದು. ಅಮ್ಮ ಶ್ಯಾವಿಗೆ ಬೇಯಿಸುತ್ತಿದ್ದಳು, ಕಿನುಕೊ ಬಟ್ಟಲು ತೊಳೆಯುತ್ತಿದ್ದಳು. ಉದ್ದ ಕಾಲಿನ ಅಮೆರಿಕನ್ ನಾವಿಕ ವರ್ನನ್ ಮೊದಲ ಸಲ ಬಂದಾಗ ಊಟದ ಕಡ್ಡಿ ಹಿಡಿಯುವುದು ಹೇಗೆಂದು ಅವನ ಬೆರಳು ಹಿಡಿದು ಕಲಿಸಿದವಳು ಅಮ್ಮನೇ. ಅವನು ಅವಳನ್ನು 'ಒಕಾಸಾನ್', ಅಮ್ಮಾ, ಎಂದು ಕರೆದರೆ ಅವಳು ನಕ್ಕು ಒಂದು ತುಂಡು ಮಾಂಸ ಹೆಚ್ಚಿಗೆ ಹಾಕುತ್ತಿದ್ದಳು. ಆದರೆ ಮದುವೆಯ ಮಾತು ಬಂದ ದಿನ ಕೈಯಲ್ಲಿದ್ದ ಸೌಟನ್ನು ಗಾಡಿಯ ಹಲಗೆಗೆ ಅಪ್ಪಳಿಸಿ, "ಇವನ ಜೊತೆ ಹೋದ್ರೆ ನಿನಗೆ ಅಮ್ಮ ಇಲ್ಲ" ಎಂದಿದ್ದಳು. ಸಾಸೆಬೊ ನಿಲ್ದಾಣದಿಂದ ಅವರ ರೈಲು ಹೊರಟಾಗ ಬೀಳ್ಕೊಡಲು ಒಂದು ನರಪಿಳ್ಳೆಯೂ ಬರಲಿಲ್ಲ. ಅಮೆರಿಕಕ್ಕೆ ಬಂದ ಮೇಲೆ ಕಿನುಕೊ ಮೂರು ಕಾಗದ ಬರೆದಳು. ಮೂರೂ ಒಡೆಯದೆ ಹಿಂದಿರುಗಿ ಬಂದವು. ನಾಲ್ಕನೆಯದನ್ನು ಅವಳು ಬರೆಯಲಿಲ್ಲ.

ಇದನ್ನೆಲ್ಲ ಬಲ್ಲವಳು ಗೆಳತಿ ನೊಬುಕೊ ಒಬ್ಬಳೇ. ಅವಳೂ ನಾವಿಕನನ್ನು ಕಟ್ಟಿಕೊಂಡು ಬಂದವಳು. ವರ್ನನ್‌ಗೆ ರಾಮೆನ್ ಎಲ್ಲಿ ಕೊಡಿಸಬಹುದೆಂದು ಕಿನುಕೊ ಅವಳನ್ನೇ ಕೇಳಿದಳು.

"ಗಾಡಿಯವಳ ಮಗಳು ನೀನು. ರಾಮೆನ್ ಹುಡುಕಿಕೊಂಡು ಊರು ಅಲೀತೀಯಾ?" ಎಂದಳು ನೊಬುಕೊ ಫೋನಿನಲ್ಲಿ. "ಒಂದು ಪಾತ್ರೆ ಹಂದಿ ಮೂಳೆ ಬೇಯಿಸಿ ಹಾಕೋಕೆ ಏನು ಧಾಡಿ?"

"ನನಗೆ ಬರಲ್ಲ."

"ಬರಲ್ವೋ, ಮನಸ್ಸಿಲ್ವೋ?"

"ಎರಡೂ ಅಂದ್ಕೋ."

"ಸರಿ, ಹಟಮಾರಿ. ಸಿಯಾಟಲ್‌ನಲ್ಲಿ ಎರಡು ಅಂಗಡಿ ಇದೆ, ಬರ್ಕೋ" ಎಂದಳು ನೊಬುಕೊ.

ಮೊದಲನೆಯ ಅಂಗಡಿಯಲ್ಲಿ ಸಾರು ತಿಳಿಯಾಗಿ, ಸೋಯಾ ಸಾಸಿನ ಬಣ್ಣಕ್ಕಿತ್ತು. ಪೊಟ್ಟಣದ ಪುಡಿ ಕದಡಿದ್ದೆಂದು ಕಿನುಕೊಳ ಮೂಗಿಗೇ ಗೊತ್ತಾಯಿತು. ವರ್ನನ್ ಒಂದು ಗುಟುಕು ಕುಡಿದು ಕಡ್ಡಿ ಕೆಳಗಿಟ್ಟ. "ಇದಲ್ಲ" ಎಂದ. ಎರಡನೆಯ ಕಡೆ ಸಾರಿನ ಮೇಲೆ ಜೋಳದ ಕಾಳು ತೇಲುತ್ತಿತ್ತು, ಬೆಣ್ಣೆಯ ತುಂಡೊಂದು ಕರಗುತ್ತಿತ್ತು. ವರ್ನನ್ ಮರ್ಯಾದೆಗೆಂಬಂತೆ ಕಾಳುಗಳನ್ನು ಒಂದೊಂದಾಗಿ ಆರಿಸಿ ತಿಂದ. ಆಮೇಲೆ ಅವಳ ಕಿವಿಯ ಬಳಿ ಬಾಗಿ, "ಒಕಾಸಾನ್‌ಗೆ ಹುಷಾರಿಲ್ವಾ? ಬೇರೆ ಯಾರೋ ಮಾಡಿದಾರೆ" ಎಂದ.

ಅವನನ್ನು ಕರೆದುಕೊಂಡು ಬಂದದ್ದೇ ತಪ್ಪಾಯಿತೇನೋ ಎಂದುಕೊಳ್ಳುತ್ತ ಕಿನುಕೊ ಫೆರಿ ಹತ್ತಿದಳು. ಆದರೆ ಮನೆಗೆ ಬರುವಷ್ಟರಲ್ಲಿ ಅವನ ಮುಖದಲ್ಲಿ ಒಂದು ಕಳೆ ಇತ್ತು. ಎಲ್ಲಿಗೋ ಹೋಗಿ ಬಂದೆವೆನ್ನುವುದಷ್ಟೇ ನೆನಪಿತ್ತು, ಅಷ್ಟೇ ಅವನಿಗೆ ಸಾಕಾಗಿತ್ತು.

ಏಪ್ರಿಲ್ ಕೊನೆಯಲ್ಲಿ ನೊಬುಕೊ ತಾನಾಗಿಯೇ ಫೋನು ಮಾಡಿದಳು. "ಇವಾಕಿರಿ ಅಂತ ಒಬ್ಬ ಇದಾನೆ, ನಿಮ್ಮ ಕಡೆಯವನೇ, ಕುರುಮೆ ಊರಿನವನು. ಲಾಂಡ್ರಿ ಪಕ್ಕದಲ್ಲಿ ಸಣ್ಣ ಅಂಗಡಿ. ದಿನಾ ಅನ್ನ, ಕರಿದ ಮೀನು ಮಾರ್ತಾನೆ. ಗುರುವಾರ ಮಾತ್ರ ಮೂಳೆಸಾರು ಇಡ್ತಾನಂತೆ. ಬೇಕಿದ್ರೆ ಹೋಗು, ಬೇಡದಿದ್ರೆ ಬಿಡು. ಆಮೇಲೆ ನನ್ನ ಬೈಬೇಡ."

ಗುರುವಾರ ಹನ್ನೊಂದೂವರೆಗೆ ಅವರು ಆ ಬೀದಿಗೆ ಬಂದರು. ಬಾಗಿಲು ತೆಗೆಯುವುದಕ್ಕೂ ಮುಂಚೆಯೇ ವಾಸನೆ ಬಡಿಯಿತು. ಹಂದಿ ಮೂಳೆ ಒಂದು ಹಗಲು ಒಂದು ಇರುಳು ಕುದಿದರೆ ಬರುವ, ಕೊಟ್ಟಿಗೆಯನ್ನು ನೆನಪಿಸುವ ಮುಗ್ಗು ವಾಸನೆ. ಅಭ್ಯಾಸವಿಲ್ಲದವರು ಮೂಗು ಮುಚ್ಚಿಕೊಳ್ಳಬೇಕು. ಕಿನುಕೊ ಬಾಗಿಲ ಹಿಡಿಯ ಮೇಲೆ ಕೈಯಿಟ್ಟು ನಿಂತೇಬಿಟ್ಟಳು. ಇಪ್ಪತ್ತಮೂರು ವರ್ಷ ಅವಳ ಕೂದಲಿನಲ್ಲಿ, ಅಂಗಿಯಲ್ಲಿ, ಶಾಲೆಯ ಪುಸ್ತಕದಲ್ಲಿ ಇದ್ದದ್ದು ಇದೇ ವಾಸನೆ. ಶಾಲೆಯಲ್ಲಿ ಹುಡುಗಿಯರು ದೂರ ಸರಿದು ಕೂರುತ್ತಿದ್ದದ್ದೂ ಇದಕ್ಕೇ.

ಒಳಗೆ ಆರೇ ಕುರ್ಚಿ. ತಲೆಗೆ ಟವೆಲ್ ಸುತ್ತಿದ್ದ ಐವತ್ತರ ಇವಾಕಿರಿ ಜಪಾನೀ ಮಾತಿನಲ್ಲೇ ಬರಮಾಡಿಕೊಂಡ. "ಕೂತ್ಕೊಳ್ಳಿ ಅಮ್ಮಾ. ವಾಸನೆ ಜಾಸ್ತಿ, ತಪ್ಪು ತಿಳೀಬೇಡಿ. ಮೇಲಿನ ಮನೆಯವರು ವಾರವಿಡೀ ಬೈತಾರೆ, ಅದಕ್ಕೇ ಒಂದು ದಿನಕ್ಕೆ ಒಪ್ಪಂದ ಮಾಡ್ಕೊಂಡಿದೀನಿ. ಯಾವ ಕಡೆಯವರು ನೀವು?"

"ಸಾಸೆಬೊ."

"ಸತ್ತೆ. ಹಾಗಾದ್ರೆ ನನ್ನ ಸಾರಲ್ಲಿ ತಪ್ಪು ಹುಡುಕ್ತೀರಿ."

ಬಟ್ಟಲು ಬಂತು. ಹಾಲಿನಂತೆ ಬೆಳ್ಳಗಿನ ಸಾರು, ನೇರವಾದ ಸಣ್ಣ ಎಳೆಯ ಶ್ಯಾವಿಗೆ, ಮೇಲೆ ಈರುಳ್ಳಿ ಸೊಪ್ಪು, ಕೆಂಪು ಶುಂಠಿ. ಕಿನುಕೊ ಒಂದು ಗುಟುಕು ಕುಡಿದಳು. ತುಟಿಗೆ ತುಟಿ ಅಂಟುವ ಹದ ಸರಿಯಾಗಿತ್ತು. ಆದರೆ ಅಮ್ಮನದಲ್ಲ. ಅಮ್ಮ ಕೆಂಡದಲ್ಲಿ ಸುಟ್ಟು ಒಣಗಿಸಿದ ಹಾರುಮೀನನ್ನು ಮೂಳೆಯ ಜೊತೆ ಪಾತ್ರೆಗೆ ಹಾಕುತ್ತಿದ್ದಳು. ಆ ಹೊಗೆಯ ಕಹಿ ಇದರಲ್ಲಿರಲಿಲ್ಲ. ಇಲ್ಲದ್ದು ಅದೊಂದೇ.

ವರ್ನನ್ ಶ್ಯಾವಿಗೆ ತಿಂದು ಮುಗಿಸಿದ. ಬಟ್ಟಲನ್ನು ಎರಡು ಕೈಯಲ್ಲೂ ಎತ್ತಿ ತಳ ಕಾಣುವ ತನಕ ಕುಡಿದ. ಪಾಪ, ಇದೇ ಅಂದುಕೊಂಡನಲ್ಲ, ಸದ್ಯ ನೆಮ್ಮದಿಯಾಯಿತಲ್ಲ ಎಂದು ಕಿನುಕೊ ಉಸಿರು ಬಿಟ್ಟಳು.

"ಮೀನು ಹಾಕಿಲ್ಲ" ಎಂದ ವರ್ನನ್. ಅದನ್ನು ಹೇಳಿದ್ದು ಜಪಾನೀ ಮಾತಿನಲ್ಲಿ. ಎಷ್ಟೋ ವರ್ಷದಿಂದ ಆಡದೆ ಬಿಟ್ಟಿದ್ದ, ಬಂದರಿನಲ್ಲಿ ಕಲಿತ ಹರಕುಮುರುಕು ಜಪಾನೀ. "ಆ ದಿನಾನೂ ಹೀಗೇ ಇತ್ತು."

"ಯಾವ ದಿನ?"

"ನಾವು ರೈಲು ಹತ್ತೋ ಹಿಂದಿನ ದಿನ. ಕ್ಯಾಂಪಲ್ಲಿ ಕೆಲಸ ಇದೆ ಅಂತ ಕಿನುಗೆ ಸುಳ್ಳು ಹೇಳಿ ಗಾಡಿ ಹತ್ರ ಹೋದೆ. ಒಕಾಸಾನ್ ಒಲೆ ಹಚ್ಚದೆ ಸುಮ್ನೆ ಕೂತಿದ್ರು. ನನ್ನ ನೋಡಿ ಎದ್ದು, ಇದ್ದ ಸಾರು ಬಿಸಿ ಮಾಡಿ ಒಂದು ಬಟ್ಟಲು ಕೊಟ್ರು. ರುಚಿ ಯಾಕೋ ಬೇರೆ ಇದೆಯಲ್ಲ ಅಂದೆ. ಮೀನೆಲ್ಲಾ ಕಿನುಗೆ ಕಟ್ಟಿಬಿಟ್ಟಿದೀನಿ, ಪಾತ್ರೆಗೆ ಒಂದೂ ಉಳೀಲಿಲ್ಲ ಅಂದ್ರು."

ಅವನು 'ಕಿನು' ಎಂಬ ಅವಳ ಹೆಸರನ್ನು ಬೇರೆ ಯಾರದೋ ಹೆಸರಿನ ಹಾಗೆ ಹೇಳುತ್ತಿದ್ದಾನೆಂದು ಕಿನುಕೊಗೆ ಆಗ ಹೊಳೆಯಿತು. ಪಕ್ಕದ ಕುರ್ಚಿಯ ಗುರುತಿಲ್ಲದ ಹೆಂಗಸಿಗೆ ಅವನು ತನ್ನ ಕಥೆ ಹೇಳುತ್ತಿದ್ದ. ಎಲ್ಲಿ ನಿಲ್ಲಿಸಿಬಿಡುವನೋ ಎಂದು ಅವಳು ಅಲುಗಾಡಲೂ ಹೆದರಿದಳು.

"ಮತ್ತೇನಂದ್ರು?" ಎಂದಳು.

"ಹಡಗು ಹತ್ತೋ ಯೊಕೊಹಾಮಾದಲ್ಲಿ ಕೊಂಡೆ ಅಂತ ಹೇಳು ಅಂದ್ರು. ನಾನು ಕೊಟ್ಟೆ ಅಂತ ಗೊತ್ತಾದ್ರೆ ಅವಳು ರೈಲಿಂದ ಇಳಿದು ಬಂದುಬಿಡ್ತಾಳೆ. ಇಲ್ಲಿ ಅವಳಿಗೇನಿದೆ, ನನ್ನ ಹಾಗೆ ಬಟ್ಟಲು ತೊಳೀತಾ ಮುದುಕಿ ಆಗ್ತಾಳೆ. ಕೋಪದಲ್ಲೇ ಹೋಗ್ಲಿ. ಕೋಪ ಇದ್ರೆ ಕಾಲು ಮುಂದಕ್ಕೆ ಬೀಳುತ್ತೆ ಅಂದ್ರು." ವರ್ನನ್ ಖಾಲಿ ಬಟ್ಟಲನ್ನು ನೋಡಿದ. "ಪ್ರತಿ ಕ್ರಿಸ್‌ಮಸ್‌ಗೆ ಒಂದು ಫೋಟೋ ಕಳಿಸು ಅಂದ್ರು. ಕಳಿಸ್ತಾ ಇದೀನಿ. ಕಳಿಸೋರ ವಿಳಾಸ ಅಂತ ಕೆಲಸದ ಜಾಗದ್ದು ಬರೀತೀನಿ. ಒಂದೂ ವಾಪಸ್ ಬಂದಿಲ್ಲ." ಆಮೇಲೆ ಅವಳ ಕಡೆ ತಿರುಗಿ, "ನೀವು ದಯವಿಟ್ಟು ಕಿನುಗೆ ಹೇಳಬೇಡಿ. ನಾನು ಮಾತು ಕೊಟ್ಟಿದೀನಿ" ಎಂದ.

ಇವಾಕಿರಿ ಒಲೆಯ ಕಡೆ ಮುಖ ಮಾಡಿ, ಒರೆಸಿದ ಜಾಗವನ್ನೇ ಮತ್ತೆ ಒರೆಸುತ್ತಿದ್ದ.

ಆ ಮೊದಲ ಚಳಿಗಾಲ ಕಿನುಕೊಗೆ ನೆನಪಾಯಿತು. ಬ್ರೆಮರ್ಟನ್‌ನ ಬಾಡಿಗೆ ಕೋಣೆಯಲ್ಲಿ ಏನೂ ಗಂಟಲಿಗಿಳಿಯದೆ ಅವಳು ಸೊರಗಿದ್ದಾಗ ವರ್ನನ್ ಪೆಟ್ಟಿಗೆಯ ತಳದಿಂದ ಕಾಗದದ ಪೊಟ್ಟಣವೊಂದನ್ನು ತೆಗೆದುಕೊಟ್ಟಿದ್ದ. ಹಾರುಮೀನು. ದಿನಕ್ಕೆ ಅರ್ಧದಂತೆ ಮೂರು ತಿಂಗಳು ಅದನ್ನು ತಿಂದು ಅವಳು ಚೇತರಿಸಿಕೊಂಡಿದ್ದಳು. ಯೊಕೊಹಾಮಾದಲ್ಲಿ ಇಷ್ಟು ಒಳ್ಳೆಯ ಮೀನು ಸಿಗುತ್ತದೆಯೇ ಎಂದು ಆಗ ಒಂದು ಸಲವೂ ಕೇಳಿರಲಿಲ್ಲ.

ಮರಳುವಾಗ ಅವನನ್ನು ಫೆರಿಯ ಒಳಗಿನ ಬೆಂಚಿನ ಮೇಲೆ ಕೂರಿಸಿ ಅವಳು ಹೊರಗಿನ ಕಟಕಟೆಗೆ ಹೋಗಿ ನಿಂತಳು. ಅಳು ಬರಲಿಲ್ಲ, ಕೋಪ ಬಂತು. ಅಮ್ಮನ ಮೇಲಲ್ಲ, ಅವನ ಮೇಲೆ. ಮಗಳು ಡಯಾನ್‌ಗೆ ಹದಿನಾಲ್ಕು ತುಂಬಿದ ವರ್ಷ ಸಾಸೆಬೊಗೆ ಹೋಗಿಬರುವುದೆಂದು ಟಿಕೆಟ್ ತನಕ ಹೋಗಿ, 'ಬಾಗಿಲು ಹಾಕಿಬಿಟ್ಟರೆ' ಎಂಬ ಅಂಜಿಕೆಗೆ ಅವಳು ಕೈಬಿಟ್ಟಿದ್ದಳು. ಅವನು ಪಕ್ಕದಲ್ಲೇ ಕೂತು ಪತ್ರಿಕೆ ಓದುತ್ತಿದ್ದ. ಆಗ ಒಂದು ಮಾತು ಆಡಿದ್ದರೆ ಸಾಕಿತ್ತು, ಅಮ್ಮ ಆಮೇಲೂ ಐದು ವರ್ಷ ಬದುಕಿದ್ದಳು. ಮಾತು ಕೊಟ್ಟಿದ್ದನಂತೆ, ಮಾತು.

ಒಳಗೆ ಬಂದು ಅವನ ಎದುರು ನಿಂತಳು. "ಯಾಕೆ ಹೇಳ್ಲಿಲ್ಲ ನನಗೆ?"

ವರ್ನನ್ ತಲೆಯೆತ್ತಿದ. "ಏನನ್ನ?" ಎಂದು ಕೇಳಿದ. ನಿಜವಾಗಿಯೂ ಕೇಳಿದ. ಕಿಟಕಿಯ ಆಚೆ ನೀರು ನೋಡಿ, "ನಾವು ಊಟಕ್ಕೆ ಹೋಗ್ತಾ ಇದೀವಾ?" ಎಂದ.

ಜಗಳವಾಡಬೇಕಾದ ಮನುಷ್ಯ ಅಲ್ಲಿರಲಿಲ್ಲ. ಅವಳು ಅವನ ಕೋಟಿನ ಗುಂಡಿ ಹಾಕಿ ಪಕ್ಕದಲ್ಲಿ ಕುಳಿತಳು. ಒಂದು ವಾರ ಬೇಕಾದಷ್ಟೇ ಮಾತಾಡಿದಳು. "ನನ್ನ ಮೇಲೆ ಕೋಪಾನಾ?" ಎಂದು ಅವನು ದಿನಕ್ಕೆ ಹತ್ತು ಸಲ ಕೇಳುತ್ತಿದ್ದ. "ಹೌದು" ಎನ್ನುತ್ತಿದ್ದಳು. "ನಾನು ಏನು ಮಾಡಿದ್ರೂ ಕ್ಷಮಿಸು" ಎನ್ನುತ್ತಿದ್ದ. ಹತ್ತು ಸಲವೂ ಹಾಗೆಯೇ ಹೇಳುತ್ತಿದ್ದ. ಎಂಟನೆಯ ದಿನ ಅವಳಿಗೆ ಹೌದೆನ್ನಲು ಶಕ್ತಿ ಉಳಿಯಲಿಲ್ಲ.

ಆದರೆ ಒಂದು ಅನುಮಾನ ಕೊರೆಯುತ್ತಿತ್ತು. ಮರೆವಿನ ಮನುಷ್ಯ, ಕನಸನ್ನೇ ನಿಜವೆಂದು ಹೇಳಿದ್ದರೆ? ಕಿನುಕೊ ಸಾಸೆಬೊದಲ್ಲಿದ್ದ ಸೋದರಮಾವನ ಮಗಳು ಶಿಗೆನೊಗೆ ಕಾಗದ ಬರೆದಳು. ಅಮ್ಮನ ಸಾಮಾನಿನಲ್ಲಿ ಫೋಟೋಗಳೇನಾದರೂ ಇದ್ದವೇ ಎಂದಷ್ಟೇ ಕೇಳಿದಳು.

ಜೂನ್ ಎರಡನೆಯ ವಾರ ಒಂದು ದಪ್ಪ ಲಕೋಟೆ ಬಂತು. ಶಿಗೆನೊ ಬರೆದಿದ್ದಳು: 'ಅಕ್ಕ, ಅತ್ತೆಯ ಗಾಡಿಯ ಸೆಳೆಖಾನೆಯಲ್ಲಿ ಇವು ಇದ್ದವು. ಪೆಟ್ಟಿಗೆಯಲ್ಲಿ ಹೆಣದ ಜೊತೆ ಇಡೋಣ ಎಂದು ನಾನು ಹೇಳಿದೆ. ಬದುಕಿರುವವರ ಚಿತ್ರ ಇಡಬಾರದು, ಅವರನ್ನೂ ಎಳೆದುಕೊಂಡು ಹೋಗುತ್ತದೆ ಎಂದು ಅಪ್ಪ ತಡೆದರು. ನಿಮಗೆ ಕಳಿಸಲು ಅವರು ಒಪ್ಪಲಿಲ್ಲ. ಅತ್ತೆಯೇ ಮುಚ್ಚಿಟ್ಟದ್ದನ್ನು ನಾವು ಬಿಚ್ಚುವುದು ಬೇಡ ಎಂದರು. ಅವರು ಹೋದ ಮೇಲೆ ನನಗೂ ಬರೆಯುವ ಧೈರ್ಯ ಬರಲಿಲ್ಲ. ಕ್ಷಮಿಸಿ.'

ಇಪ್ಪತ್ತೊಂದು ಫೋಟೋಗಳಿದ್ದವು. ಅಂಚಿನಲ್ಲೆಲ್ಲ ಸಾರಿನ ಜಿಡ್ಡು ಕುಡಿದು ಹಳದಿಯಾಗಿದ್ದವು. ಹೊಸ ಕೋಟಿನಲ್ಲಿ ಕಿನುಕೊ, ತುಂಬು ಬಸುರಿ ಕಿನುಕೊ, ತೊಟ್ಟಿಲಲ್ಲಿ ಡಯಾನ್, ಮುಂದಿನ ಹಲ್ಲು ಬಿದ್ದ ಡಯಾನ್, ಹೈಸ್ಕೂಲು ಮುಗಿಸಿದ ದಿನದ ಕಪ್ಪು ಗೌನಿನಲ್ಲಿ ಅಮ್ಮನಿಗಿಂತ ಎತ್ತರದ ಡಯಾನ್. ಒಂದರಲ್ಲೂ ವರ್ನನ್ ಇರಲಿಲ್ಲ. ಕ್ಯಾಮೆರಾ ಹಿಡಿದವನು ಅವನೇ. ಪ್ರತಿಯೊಂದರ ಹಿಂದೆಯೂ ಅಮ್ಮನ ಒರಟು ಪೆನ್ಸಿಲ್ ಅಕ್ಷರದಲ್ಲಿ ವರ್ಷ, ಕಿನುಕೊಳ ವಯಸ್ಸು. ಒಂದರ ಹಿಂದೆ ಮಾತ್ರ ಇನ್ನೂ ಒಂದು ಪದ ಇತ್ತು: 'ತೆಳ್ಳಗಾಗಿದ್ದಾಳೆ.'

ಕಿನುಕೊ ಅದನ್ನು ಹಿಡಿದು ಅಡುಗೆಮನೆಯ ನೆಲದ ಮೇಲೆ ಕುಳಿತಳು. ಇಪ್ಪತ್ತೆರಡು ವರ್ಷದ ಹಿಂದೆ ಅಮ್ಮ ಹೋದಳೆಂದು ಮಾವನ ಕಾರ್ಡು ಬಂದಾಗ ಅಳದೆ ಉಳಿದದ್ದನ್ನೆಲ್ಲ ಆ ಮಧ್ಯಾಹ್ನ ಅತ್ತಳು.

ದನಿ ಕೇಳಿ ವರ್ನನ್ ಬಂದ. ಮೇಜಿನ ಅಂಚು ಹಿಡಿದು ಮೊಣಕಾಲು ಮಡಿಸಿ ಕಷ್ಟಪಟ್ಟು ಅವಳ ಪಕ್ಕ ಕುಳಿತ. ನೆಲದ ಮೇಲೆ ಹರಡಿದ್ದ ಫೋಟೋಗಳನ್ನು ಒಂದೊಂದಾಗಿ ಎತ್ತಿ ನೋಡಿದ.

"ಚೆನ್ನಾಗಿದಾಳೆ ಈ ಹುಡುಗಿ. ಯಾರ ಮಗಳು?"

"ನಮ್ಮ ಮಗಳು. ಡಯಾನ್."

"ಹೌದಾ?" ಅವನು ಬಹಳ ಹೊತ್ತು ನೋಡುತ್ತ ಕುಳಿತ. "ಒಕಾಸಾನ್‌ಗೆ ಗೊತ್ತಾ ನಮಗೊಬ್ಬಳು ಮಗಳಿರೋದು?"

"ಗೊತ್ತು" ಎಂದಳು ಕಿನುಕೊ. "ನೀನೇ ಫೋಟೋ ಕಳಿಸಿ ತಿಳಿಸಿದ್ದೆ."

ಅವನು ತಲೆಯಾಡಿಸಿ, ಫೋಟೋಗಳನ್ನು ಅಂಚು ಸರಿಯಾಗಿ ಕೂಡಿಸಿ ಅವಳ ಮಡಿಲಲ್ಲಿಟ್ಟ. ಆಮೇಲೆ ಇಬ್ಬರೂ ಒಬ್ಬರ ಹೆಗಲು ಒಬ್ಬರು ಹಿಡಿದುಕೊಂಡು ನೆಲದಿಂದ ಎದ್ದರು.