ಬುಗುರಿಗೆ ಒಂದೇ ಮಾತು

ಸೋಫಾದಕ್ಕ ಎಂದರೆ ಆ ಬೀದಿಗೆಲ್ಲ ಗೊತ್ತು. ಮನೆಯ ಮುಂದಿನ ಕೋಣೆಯೇ ಆಕೆಯ ಕಾರ್ಖಾನೆ. ಸ್ಪ್ರಿಂಗು ಕುಸಿದ, ಬಟ್ಟೆ ಹರಿದ, ಕೂತರೆ ಕಿರ್ರೆನ್ನುವ ಸೋಫಾಗಳು ಅಲ್ಲಿಗೆ ಕುಂಟುತ್ತಾ ಬಂದು, ವಾರದೊಳಗೆ ಎದೆ ಸೆಟೆಸಿಕೊಂಡು ವಾಪಸ್ಸು ಹೋಗುತ್ತಿದ್ದವು. 'ಆಗಲ್ಲ' ಎಂಬ ಮಾತು ಆಕೆಯ ಬಾಯಿಂದ ಬಂದದ್ದನ್ನು ಯಾರೂ ಕೇಳಿರಲಿಲ್ಲ.

ಹಾಗಾಗಿ, ಶಾಲೆಯ ವ್ಯಾನು ಓಡಿಸುವ ಗಂಡ ಒಂದು ಭಾನುವಾರ ತನ್ನ ತಂಗಿಯ ಮನೆಯಿಂದ ಮೂರು ತಿಂಗಳು ದಾಟಿದ ಹೆಣ್ಣು ನಾಯಿಮರಿಯನ್ನು ಟವೆಲಿನಲ್ಲಿ ಸುತ್ತಿಕೊಂಡು ತಂದಾಗ ಆಕೆ ಒಂದಿಷ್ಟೂ ಗಾಬರಿಯಾಗಲಿಲ್ಲ. ಟವೆಲು ಬಿಚ್ಚಿದ್ದೇ ತಡ, ಮರಿ ಊಟದ ಮೇಜನ್ನು ನಾಲ್ಕು ಸುತ್ತು ಹಾಕಿ, ಜಾರಿ, ಎದ್ದು, ಮತ್ತೆ ಎರಡು ಸುತ್ತು ಹಾಕಿತು. ಹತ್ತು ವರ್ಷದ ಮಗಳು ಚಪ್ಪಾಳೆ ತಟ್ಟಿ, "ಅಮ್ಮಾ, ಥೇಟ್ ಬುಗುರಿ!" ಅಂದಳು. ಅದೇ ಹೆಸರಾಯಿತು.

"ಹತ್ತು ದಿನ ಕೊಡಿ ನಂಗೆ. ಹೇಳಿದ್ ಮಾತು ಕೇಳೋ ಹಾಗೆ ಮಾಡ್ತೀನಿ," ಎಂದಳು ಸೋಫಾದಕ್ಕ.

ಮೊದಲು ಅಯಸ್ಕಾಂತ ಕಟ್ಟಿದ ಕೋಲನ್ನು ಕೋಣೆಯ ಮೂಲೆಮೂಲೆಗೂ ಆಡಿಸಿ, ಬಿದ್ದ ಮೊಳೆ ಪಿನ್ನುಗಳನ್ನೆಲ್ಲ ಹೆಕ್ಕಿದಳು. ಒಂದು ಡಬ್ಬಿ ತುಂಬಿತು. ಬಾಗಿಲಿಗೆ ಮೊಣಕಾಲೆತ್ತರದ ಹಲಗೆ ಅಡ್ಡ ಇಟ್ಟಳು. ಹಲಗೆಯಾಚೆ ಮರಿಗೊಂದು ಹಳೇ ಕುಷನ್ನು. ಮರಿ ಉಂಡ ಮೇಲೆ, ಎದ್ದ ಮೇಲೆ, ಆಟ ಮುಗಿದ ಮೇಲೆ ತಾನೇ ಅದನ್ನು ಎತ್ತಿಕೊಂಡು ಹಿತ್ತಲಿಗೆ ಓಡುತ್ತಿದ್ದಳು. ಮೂರನೇ ದಿನಕ್ಕೆ ಬುಗುರಿ ತಾನಾಗೇ ಹಿತ್ತಲ ಬಾಗಿಲು ಕೆರೆಯತೊಡಗಿತು. ಪಿನ್ ಹೊಡೆಯುವ ಗನ್ನಿನ ಟಕ್ ಟಕ್ ಸದ್ದಿಗೆ ಮೊದಲ ದಿನ ಹೌಹಾರಿದ್ದು, ಆಮೇಲೆ ಆ ಸದ್ದು ಕೇಳುತ್ತಲೇ ನಿದ್ದೆ ಹೋಗುತ್ತಿತ್ತು.

ಆದರೆ ಕರೆದರೆ ಮಾತ್ರ ಬರುತ್ತಿರಲಿಲ್ಲ. ಯಾರು ಕರೆದರೂ ಒಂದು ಕಿವಿ ಎತ್ತಿ ನೋಡಿ, ನೆಲ ಒರೆಸುವ ಬಟ್ಟೆ ಕಚ್ಚಿಕೊಂಡು ಇನ್ನೊಂದು ದಿಕ್ಕಿಗೆ ಪರಾರಿ. ಕುರ್ಚಿಯ ಕಾಲು ಕಚ್ಚಿ ಕಚ್ಚಿ ಪೆನ್ಸಿಲಿನಂತೆ ಚೂಪು ಮಾಡಿತ್ತು.

"ಮೊಂಡು ಕಣೇ ಇದು," ಎಂದ ಗಂಡ.

"ಮೊಂಡಲ್ಲ, ಇನ್ನೂ ಮಗು ಅದು. ನಿನ್ನಷ್ಟು ಮೊಂಡಲ್ಲ ಬಿಡು," ಎಂದರು ಅತ್ತೆ. ಅವರು ಮರಿಯನ್ನು ತಲೆ ಮೇಲೆ ಕೂರಿಸಿಕೊಂಡಿದ್ದರು. ಸೊಸೆಯ ಕಣ್ಣು ತಪ್ಪಿಸಿ ಮೇಜಿನ ಕೆಳಗೆ ಬಿಸ್ಕತ್ತು ಜಾರಿಸುತ್ತಿದ್ದರು. ಸೊಸೆ ನೋಡಿದರೆ ತಾವೇ ತಿನ್ನುತ್ತಿದ್ದವರಂತೆ ಬಾಯಾಡಿಸುತ್ತಿದ್ದರು.

ಶನಿವಾರ ಮಧ್ಯಾಹ್ನ ಹಲ್ಲಿನ ಡಾಕ್ಟರಮ್ಮನ ಕ್ಲಿನಿಕ್ಕಿನ ಸೋಫಾ ತಯಾರಾಗಬೇಕಿತ್ತು. ಬೆನ್ನ ಮೇಲೆ ಮಲಗಿಸಿದ ಸೋಫಾದ ತಳಕ್ಕೆ ಕರಿಬಟ್ಟೆ ಮುಚ್ಚಿ, ಮೂರು ಬದಿಗೆ ಪಿನ್ ಹೊಡೆದಿದ್ದಳು. ಗನ್ನಿನ ಪಿನ್ನು ಮುಗಿಯಿತೆಂದು ಒಳಗೆ ಹೋಗಿ ಹೊಸ ಡಬ್ಬಿ ಹುಡುಕಿ ತಂದು, ನಾಲ್ಕನೇ ಬದಿಯನ್ನೂ ಮುಗಿಸಿ, ಸೋಫಾವನ್ನು ನೆಟ್ಟಗೆ ನಿಲ್ಲಿಸಿ, ಡಾಕ್ಟರಮ್ಮನಿಗೆ ಫೋನು ಮಾಡಿ ಬೆವರು ಒರೆಸಿಕೊಂಡಳು. ಆಮೇಲೆ ಬಾಗಿಲಾಚೆ ನೋಡಿದರೆ ಕುಷನ್ನು ಖಾಲಿ.

ಹಿತ್ತಲಲ್ಲಿಲ್ಲ. ಮಂಚದ ಕೆಳಗಿಲ್ಲ. ಹೊರಗೆ ಗೇಟು ಒಂದು ಗೇಣು ತೆರೆದಿತ್ತು. ಆಕೆ ಮನೆಯವರನ್ನೆಲ್ಲ ಕೂಗಿ ಕರೆದಳು.

"ಕಮ್, ಬುಗುರಿ, ಕಮ್!" ಎಂದು ಗಂಡ ಬೀದಿಗೆ ಓಡಿದ. ಮಗಳು ಅಳುತ್ತಲೇ ಸೀಟಿ ಊದಿದಳು. "ಬಾರೋ ನನ್ ರಾಜಾ, ಬಾ ಬಂಗಾರಾ," ಎಂದು ಅತ್ತೆ ಹಿತ್ತಲಲ್ಲಿ ಕೂಗಿದರು. ಆಮೇಲೆ ಒಳಗೆ ಬಂದು ಸೆರಗಲ್ಲಿ ಮುಖ ಒರೆಸಿಕೊಂಡು, "ತಪ್ಪು ನಂದೇ ಕಣಮ್ಮ. ನಿಂಗೆ ಕಾಫಿ ತಂದಾಗ ಹಲಗೆ ಸರಿಸಿದ್ದೆ. ನೀನು ಒಳಗಿದ್ದೆ, ಲೋಟ ಇಟ್ಟು, ಹಲಗೆ ವಾಪಸ್ಸು ಇಡೋದು ಮರೆತು ಬಂದ್ಬಿಟ್ಟೆ," ಎಂದರು.

ಸೋಫಾದಕ್ಕ ಅವರ ಕೈ ಹಿಡಿದುಕೊಂಡಳು. "ಇರ್ಲಿ ಅತ್ತೆ. ಈಗ ಎಲ್ರೂ ಸುಮ್ನಿರಿ ಸ್ವಲ್ಪ."

ಗಂಡನನ್ನೂ ಒಳಗೆ ಕರೆದಳು. ಒಬ್ಬರು ರಾಜ ಅನ್ನುತ್ತಾರೆ, ಒಬ್ಬರು ಕಮ್ ಅನ್ನುತ್ತಾರೆ, ಇನ್ನೊಬ್ಬಳದು ಸೀಟಿ. ಪಾಪ, ಆ ಜೀವಕ್ಕೆ ಏನೆಂದು ತಿಳಿಯಬೇಕು? ಊಟದ ತಟ್ಟೆ ಇಡುವಾಗ ತಾನೇನು ಹೇಳುತ್ತಿದ್ದೆ ಎಂದು ನೆನಪಿಸಿಕೊಂಡಳು. ಮನೆ ನಿಶ್ಶಬ್ದವಾದ ಮೇಲೆ, ದಿನವೂ ಹೇಳುವ ದನಿಯಲ್ಲೇ ಹೇಳಿದಳು:

"ಬುಗುರಿ, ಇಲ್ಲಿ."

ಸೋಫಾದ ಹೊಟ್ಟೆಯೊಳಗಿಂದ ಧಪ್ ಧಪ್ ಎಂದಿತು.

"ಅಯ್ಯೋ ಶಿವನೇ!" ಎಂದು ಅತ್ತೆ ಎರಡು ಹೆಜ್ಜೆ ಹಿಂದೆ ಸರಿದರು. ಧಪ್ ಧಪ್ ಇನ್ನೂ ಜೋರಾಯಿತು. ಅದು ಬಾಲದ ಸದ್ದು.

ಗಂಡ ಹೆಂಡತಿ ಸೇರಿ ಸೋಫಾವನ್ನು ಮೆಲ್ಲಗೆ ಬೆನ್ನ ಮೇಲೆ ಮಲಗಿಸಿದರು. ಆಕೆ ಇಕ್ಕಳ ಹಿಡಿದು ಪಿನ್ನುಗಳನ್ನು ಕೀಳತೊಡಗಿದ ಹೊತ್ತಿಗೇ ಹಲ್ಲಿನ ಡಾಕ್ಟರಮ್ಮ ಬಾಗಿಲಲ್ಲಿ ನಿಂತಿದ್ದರು.

"ಇದೇನ್ರಿ ಇದು! ಫೋನಲ್ಲಿ ರೆಡಿ ಅಂದ್ರಿ, ಇಲ್ಲಿ ಕಿತ್ತು ಹಾಕ್ತಿದ್ದೀರಾ?"

"ರೆಡಿ ಆಗಿತ್ತು ಮೇಡಂ. ಒಂದು ಐಟಂ ಜಾಸ್ತಿ ಸೇರ್ಬಿಟ್ಟಿದೆ, ತೆಗೀತಿದ್ದೀನಿ," ಎಂದಳು ಆಕೆ, ತಲೆ ಎತ್ತದೆ.

ಕರಿಬಟ್ಟೆಯ ಸಂದಿಯಿಂದ ಮೊದಲು ಮೂಗು ಬಂತು, ತುದಿಗೆ ಒಂದು ಗುಪ್ಪೆ ನಾರು ಅಂಟಿಸಿಕೊಂಡು. ಆಮೇಲೆ ಬುಗುರಿ ಪೂರ್ತಿ ಹೊರಬಂದು, ಮೈಮುರಿದು, ಆಕಳಿಸಿ, ನೇರ ಸೋಫಾದಕ್ಕನ ಮಡಿಲಿಗೆ ಹತ್ತಿತು. ಕರೆದದ್ದಕ್ಕೆ ಬಂದ ಮೊದಲ ಸಲ ಅದು. ಆಕೆ ಗಟ್ಟಿಯಾಗಿ ಒಂದು ಸಲ ಅಪ್ಪಿಕೊಂಡಳು.

ಡಾಕ್ಟರಮ್ಮ ನಕ್ಕು ನಕ್ಕು ಸುಸ್ತಾಗಿ, ಕೊನೆಗೆ ಬುಗುರಿಯ ತುಟಿ ಎತ್ತಿ ನೋಡಿದರು. "ನಾನು ಮನುಷ್ಯರ ಡಾಕ್ಟರು, ಆದ್ರೂ ಹೇಳ್ತೀನಿ. ಹಾಲುಹಲ್ಲು ಬೀಳ್ತಿದೆ ಇವಳಿಗೆ. ಒಸಡು ನವೆ ಆದ್ರೆ ಇನ್ನೇನ್ ಮಾಡ್ತಾಳೆ? ಒದ್ದೆಬಟ್ಟೆ ಗಂಟು ಹಾಕಿ ಫ್ರಿಜ್ಜಲ್ಲಿಟ್ಟು ಕೊಡಿ. ಕಚ್ಚುವಾಗ ಒಬ್ರು ಪಕ್ಕದಲ್ಲೇ ಇರಿ, ನುಂಗಿಬಿಟ್ಟಾಳು."

ಹತ್ತು ನಿಮಿಷದಲ್ಲಿ ಸೋಫಾದ ತಳ ಮತ್ತೆ ಮುಚ್ಚಿತು. ಈ ಸಲ ಮಗಳು ಮರಿಯನ್ನು ತಬ್ಬಿಕೊಂಡೇ ಕೂತಿದ್ದಳು. ಸೋಫಾ ಗಾಡಿ ಹತ್ತಿದ ಮೇಲೆ ಸೋಫಾದಕ್ಕ ಮನೆಯವರನ್ನೆಲ್ಲ ಸಾಲಾಗಿ ನಿಲ್ಲಿಸಿದಳು.

"ಪಾಠ ಬೇಕಾಗಿರೋದು ಅದಕ್ಕಲ್ಲ, ನಮಗೆ. ಇವತ್ತಿಂದ ಕರೆಯೋಕೆ ಒಂದೇ ಮಾತು. 'ಇಲ್ಲಿ.' ರಾಜ ಇಲ್ಲ, ಕಮ್ ಇಲ್ಲ, ಸೀಟಿ ಇಲ್ಲ. ಬಂದ್ರೆ ಬಿಸ್ಕತ್ತು ಚೂರು. ಕೊಡೋ ಕೆಲ್ಸ ಅತ್ತೇದು."

"ನಂದಾ?" ಅತ್ತೆಯ ಮುಖ ಅರಳಿತು.

"ಕದ್ದು ಕೊಡೋ ಬದ್ಲು ರಾಜಾರೋಷವಾಗಿ ಕೊಡಿ."

ಗಂಡ ಎರಡು ದಿನ ಬಾಯಿ ತಪ್ಪಿ 'ಕಮ್' ಅಂದು ಮಗಳ ಕೈಲಿ ಬೈಸಿಕೊಂಡ. ಅತ್ತೆಯಂತೂ ಪಾಠವನ್ನು ಸೊಸೆಗಿಂತ ಗಂಭೀರವಾಗಿ ತಗೊಂಡರು. ಅಡುಗೆಮನೆಯಿಂದ, ಹಿತ್ತಲಿಂದ, ಮೆಟ್ಟಿಲ ಮೇಲಿಂದ 'ಇಲ್ಲಿ' ಎಂದು ಕರೆದು ಕರೆದು ಅಭ್ಯಾಸ ಮಾಡಿಸಿದರು. ಮುಂದಿನ ವಾರ ಬುಗುರಿ ಮನೆಯ ಯಾವ ಮೂಲೆಯಲ್ಲಿದ್ದರೂ ಒಂದೇ ಕರೆಗೆ ಕಿವಿ ಹಾರಿಸಿಕೊಂಡು ಓಡಿ ಬರುತ್ತಿತ್ತು. ಸೋಫಾದಕ್ಕ ಹಲಗೆ ತೆಗೆದಿಟ್ಟಳು. ಕೆಲಸದ ಕೋಣೆಯ ಹೊಸ್ತಿಲಾಚೆಯೇ ಮಲಗಬೇಕೆಂದು ಮರಿಗೆ ಈಗ ಗೊತ್ತಿತ್ತು.

ಹೊಸ ಗಿರಾಕಿಯೊಬ್ಬರು ಕುರ್ಚಿ ಕೊಡಲು ಬಂದು ಬಾಗಿಲಲ್ಲೇ ಅನುಮಾನಿಸಿದರು. "ನಾಯಿ ಏನಾದ್ರೂ ಮಾಡುತ್ತಾ?"

"ಏನೂ ಮಾಡಲ್ಲ ಬನ್ನಿ, ಎಲ್ಲಾ ಕಲ್ತಿದ್ದಾಳೆ," ಎಂದರು ಅತ್ತೆ ಹೆಮ್ಮೆಯಿಂದ. ಆಮೇಲೆ ಒಂದು ಕ್ಷಣ ಯೋಚಿಸಿ, "ಚಪ್ಪಲಿ ಮಾತ್ರ ಹೊರಗೆ ಬಿಡ್ಬೇಡಿ, ಕೈಲಿ ಹಿಡ್ಕೊಂಡೇ ಒಳಗೆ ಬಂದ್ಬಿಡಿ," ಎಂದರು.