ರಿಲಿಂಕ್ವಿಷ್ ಎಂದರೆ

ಬೆರಳ ಸಂದಿಯ ಬಿಳಿ ಸೀಮೆಸುಣ್ಣವೋ ವಿಭೂತಿಯೋ, ನಿನ್ನೆ ಗುಂಡ್ಲುಪೇಟೆಯ ಹತ್ತನೇ ಕ್ಲಾಸಿನ ಬೋರ್ಡಿನ ಮೇಲೆ ರಿಲಿಂಕ್ವಿಷ್ ಎಂದು ಬರೆದವಳು ನಾನೇ, ಇವತ್ತು ಚಾಮರಾಜನಗರದ ಆಚೆಯ ಈ ಮಠದಲ್ಲಿ ಜಮಖಾನದ ಮೇಲೆ ಕೂತವಳೂ ನಾನೇ — ಕ್ರಿಯಾಪದ, ಕರ್ಮ ಬೇಕೇ ಬೇಕು, ಹಕ್ಕು, ಪದವಿ, ಆಸೆ, ಹಿಡಿದದ್ದನ್ನು ಬಿಟ್ಟುಕೊಡುವುದು, ಹೆಚ್ಚಾಗಿ ಮನಸ್ಸಿಲ್ಲದೆ. ಬಸ್ಸಲ್ಲಿ ಸೀಟು ಬುಟ್ಕೊಟ್ರೆ ರಿಲಿಂಕ್ವಿಷ್ಷಾ ಮಿಸ್, ಎಂದಳು ನಾಗರತ್ನ, ಹೊಟ್ಟೆ ಉರಿದರೆ ಹೌದು ಕಣಮ್ಮಿ ಎಂದೆ, ಕ್ಲಾಸೆಲ್ಲ ನಕ್ಕಿತು, ನಾನೂ ನಕ್ಕೆ, ನಗು ಬಂತಲ್ಲ, ಅದೇ ಆಶ್ಚರ್ಯ. ತನ್ನದಲ್ಲದ್ದನ್ನು ರಿಲಿಂಕ್ವಿಷ್ ಮಾಡಲು ಬರುವುದಿಲ್ಲ ಎಂದು ಹೇಳುವುದನ್ನು ಮರೆತೆ. ಅತ್ತೆಗೆ ಹೇಳಬೇಕಿತ್ತು, ಆಗ ನನ್ನ ಮಗ ದಿಲೀಪ ಎದೆಹಾಲಿನ ಕೂಸು, ಜ್ವರ ನೆತ್ತಿಗೇರಿ ಕಣ್ಣು ಮೇಲಾಗಿತ್ತು, ನನ್ನ ಮೊಮ್ಮಗ ಉಳುದ್ರೆ ಮಠಕ್ಕೆ ಬುಡ್ತೀನಿ ಬುದ್ಧಿ ಎಂದು ಹರಕೆ ಹೊತ್ತೇಬಿಟ್ಟರು — ಅತ್ತೆ ಒಡವೆ ಅಳಿಯ ದಾನ ಮಾಡಿದ ಅನ್ನುತ್ತಾರೆ, ನಮ್ಮನೆಯಲ್ಲಿ ಸೊಸೆಯ ಕೂಸನ್ನು ಅತ್ತೆ. ಈಗ ಮಠಕ್ಕೆ ಮರಿ ಬೇಕಂತೆ, ಮುಂದೆ ಸ್ವಾಮಿಯಾಗುವ ಹುಡುಗ. ದೇವ್ರ ತಾವು ಲಾಯರ್‌ಗಿರಿ ಮಾಡ್ಬ್ಯಾಡ ಕಣಮ್ಮಿ ಎಂದರು ನಮ್ಮನೆಯವರು ಕರಿಬಸವಯ್ಯ. ದಿಲೀಪನೇ ಒಲ್ಲೆ ಅಂದಾನು ಎಂದುಕೊಂಡಿದ್ದೆ, ಹೀರೋ ಕಪ್ ಕ್ರಿಕೆಟ್ ಫೈನಲ್‌ಗೆ ಊಟ ಬಿಟ್ಟು ಟೀವಿ ಮುಂದೆ ಕೂತವನು, ಬ್ಯಾಟಿನ ಹಿಡಿಗೆ ಸೈಕಲ್ ಟ್ಯೂಬ್ ಸುತ್ತುವವನು, ಅವನಿಗೇನು ಮಠ — ಕೇಳಿದರೆ, ನೀನ್ ಎಂಗಂದ್ರೆ ಅಂಗೆ ಕಣವ್ವ, ಅಂದ.

ತಲೆ ಬೋಳಿಸಿದ್ದಾರೆ, ಕಿವಿ ದೊಡ್ಡದಾಗಿ ಕಾಣುತ್ತಿದೆ, ಕಾವಿ ಇನ್ನೂ ಮಡಿಕೆ ಬಿಟ್ಟಿಲ್ಲ. ತಾಯೀನೇ ಮರಿ ಪಾದಕ್ಕೆ ಬೀಳ್ಬೇಕು, ಬಿದ್ರೆ ಬುಟ್ಟಂಗೆ, ಅಲ್ಲೀಗಂಟ ಅವ ನಿಮ್ಮ ಮಗ್ನೇಯ, ಎನ್ನುತ್ತಾನೆ ಮಠದ ಪಾರುಪತ್ಯಗಾರ ದೊಡ್ಡಯ್ಯ, ಸರಿ, ಹಾಗಾದರೆ ಬೀಳುವುದಿಲ್ಲ, ಇಲ್ಲೇ ಕೂತಿರುತ್ತೇನೆ, ಏನು ಮಾಡುತ್ತಾರೋ ಮಾಡಲಿ — ಏಳವ್ವ ಟೈಮಾಯ್ತದೆ, ಅತ್ತೆಯ ಮೊಣಕೈ ತಿವಿಯುತ್ತದೆ, ಜನವೆಲ್ಲ ನೋಡುತ್ತಿದೆ, ಮೊಣಕಾಲು ನನ್ನ ಮಾತು ಕೇಳದೆ ಬಗ್ಗುತ್ತದೆ, ಕೈ ಚಾಚಿದೆ, ದಿಲೀಪ ಥಟ್ಟನೆ ಕಾಲು ಹಿಂದಕ್ಕೆಳೆದುಕೊಂಡ! ಹೆತ್ತವ್ವನ ಕೈ ಮಗನ ಕಾಲಿಗೆ ತಾಗಬಾರದು ಅಂತ ನಾನೇ ಕಲಿಸಿದ್ದು, ಅಯ್ಯೋ ನನ್ನಪ್ಪ, ಒಲ್ಲೆ ಅಂದೆಯಾ, ಏಳು, ಮನೆಗೆ ಹೋಗನ, ಮಧ್ಯಾಹ್ನದ ಬಸ್ಸು ಸಿಕ್ಕೇ ಸಿಗುತ್ತದೆ — ಎಳ್ಕಬಾರ್ದು ಬುದ್ಧಿ, ಪಾದ ಕೊಡಿ, ಅಂದ ದೊಡ್ಡಯ್ಯ. ದಿಲೀಪ ನನ್ನನ್ನು ನೋಡಿದ, ಅವ್ವ ಅನ್ನಲಿಲ್ಲ, ಯಾರೂ ಹಿಡಿದು ಎಳೆಯಲಿಲ್ಲ, ಬಲಗಾಲು ಮುಂದೆ ಬಂತು, ತಾನಾಗಿಯೇ, ನನ್ನ ಕೈಯ ಹತ್ತಿರಕ್ಕೆ, ಬಲಗಾಲು, ಮುಂದೆ ಬಂತು