ಒಂದು ಕುರ್ಚಿ ಇರಲಿ

ಇನಾಸ್ ಒದ್ದೆ ಟವೆಲೊಂದನ್ನು ಬಿಗಿಯಾಗಿ ಸುತ್ತಿ ಗಿಡ್ಡ ಮೇಜಿನ ಮೇಲಿದ್ದ ಶವಪೆಟ್ಟಿಗೆಯ ಅಡಿಗೆ ತುರುಕುತ್ತಿದ್ದ. ಆಚೆ ಬದಿಯಲ್ಲಿ ಎವರಿಸ್ತ್ ಮಂಡಿಯೂರಿ ಅಂಥದೇ ಇನ್ನೊಂದು ಸುರುಳಿಯನ್ನು ಒತ್ತಿ ಹಿಡಿದಿದ್ದ. ಇಬ್ಬರೂ ಕಪ್ಪು ಕೋಟಿನ ಮುದುಕರು. ಇನಾಸ್ ಡ್ರಮ್ಮಿನವನು, ಎವರಿಸ್ತ್ ಪಿಯಾನೊದವನು. ಪೆಟ್ಟಿಗೆಯೊಳಗೆ ಸೂಟು ತೊಟ್ಟು ಮಲಗಿದ್ದ ಕಾಮಿಲ್ ಕ್ಲಾರಿನೆಟ್ಟಿನವನು. ಮೂವರೂ ಪ್ರವಾಸಿ ಹಡಗುಗಳಲ್ಲಿ ಒಟ್ಟಿಗೆ ತಲೆ ಬೆಳ್ಳಗೆ ಮಾಡಿಕೊಂಡವರು.

"ಏನ್ರೋ ಮಾಡ್ತಿದ್ದೀರಿ?" ಎಂದಳು ಕಾಮಿಲ್‌ನ ಹೆಂಡತಿ ಕಿತೇರಿ.

"ಮೇಜು ಅಲ್ಲಾಡ್ತಿತ್ತು ಬಾಯೆ. ಪೆಟ್ಟಿಗೆ ಜಾರಬಾರ್ದಲ್ಲ," ಎಂದ ಇನಾಸ್.

"ಜಾರೋದಕ್ಕೆ ಇದೇನು ಹಡಗೇನೋ? ಇದು ಮನೆ. ಮನೆ ಅಲ್ಲಾಡಲ್ಲ."

ಇನಾಸ್ ಕೈ ತಡೆದ. ಹಡಗಿನಲ್ಲಿ ಅಲೆ ಎದ್ದ ದಿನ ಪಿಯಾನೊದ ಗಾಲಿಗೆ ಹೀಗೆ ಟವೆಲು ಕೊಟ್ಟೂ ಕೊಟ್ಟೂ ಅವನ ಕೈಗೆ ಅದೇ ರೂಢಿಯಾಗಿತ್ತು. ಆದರೂ ಅವನು ಟವೆಲನ್ನು ಎಳೆದು ತೆಗೆಯಲಿಲ್ಲ.

ಅವರ ಊರು ಕುಡ್ತರಿಯಲ್ಲಿ ಯಾವುದಕ್ಕೆ ಬರ ಬಂದರೂ ವಾದ್ಯದವರಿಗೆ ಬರವಿಲ್ಲ. ಇಗರ್ಜಿಯ ಶಾಲೆಯಲ್ಲಿ ಮಕ್ಕಳು ಅಕ್ಷರಕ್ಕೆ ಮೊದಲು ಸ್ವರ ಕಲಿಯುತ್ತಾರೆ. ಆಮೇಲೆ ಗಂಡಸರಲ್ಲಿ ಅರ್ಧ ಪಾಲು ಹಡಗು ಹತ್ತುತ್ತಾರೆ, ಉಳಿದರ್ಧ ಊರಿನ ಬ್ಯಾಂಡಿನಲ್ಲಿ ಮದುವೆಗೂ ಮಣ್ಣಿಗೂ ಊದುತ್ತಾರೆ. ಈಗ ಅಂಗಳದಲ್ಲಿ ಆ ಬ್ಯಾಂಡು ಶವಯಾತ್ರೆಯ ಮಾರ್ಚಿಗೆ ಶ್ರುತಿ ಕೂಡಿಸುತ್ತಿತ್ತು.

"ಬಾಯೆ, ಒಂದು ಮಾತು," ಎಂದ ಇನಾಸ್. "ಗುಂಡಿಯ ಹತ್ರ ನಾವಿಬ್ರೂ ಒಂದು ನುಡಿಸ್ತೀವಿ. ಹಡಗಿಂದು. ಹದಿನಾಲ್ಕನೇ ನಂಬರು."

ಹಡಗಿನ ಬ್ಯಾಂಡಿನ ಪುಸ್ತಕದಲ್ಲಿ ಹಾಡುಗಳಿಗೆ ಹೆಸರಿಲ್ಲ, ನಂಬರು ಮಾತ್ರ. ಹದಿನಾಲ್ಕು ಎಂದರೆ ಒಂದು ಹಳೆಯ ವಾಲ್ಟ್ಜ್.

"ಬೇಡ," ಎಂದಳು ಕಿತೇರಿ. "ಇಪ್ಪತ್ತಾರು ವರ್ಷ ಅವನನ್ನ ಹಡಗೇ ಇಟ್ಕೊಂಡಿತ್ತು. ನಂಗೆ ವರ್ಷಕ್ಕೆರಡು ತಿಂಗಳು ಭಿಕ್ಷೆ. ಇವತ್ತೊಂದು ದಿನ ನನ್ನ ಗಂಡನಾಗಿ ಹೋಗ್ಲಿ. ಊರೋರ ಮಾರ್ಚು ಸಾಕು."

"ಅವನಿಗೆ ಇಷ್ಟ ಇತ್ತು, ಅದಕ್ಕೆ..."

"ಅವನ ಇಷ್ಟ ನಂಗೇನ್ ಗೊತ್ತು? ಎಲ್ಲೆಲ್ಲಿಯೋರಿಗೋ ನುಡಿಸಿದ. ಈ ಮನೇಲಿ ಒಂದು ದಿನ ಆ ಡಬ್ಬ ತೆಗೀಲಿಲ್ಲ."

ಕ್ಲಾರಿನೆಟ್ಟಿನ ಡಬ್ಬ ಕಪಾಟಿನ ಮೇಲೇ ಇತ್ತು. ಪಕ್ಕದಲ್ಲಿ ಕುಳಿತಿದ್ದ ಮಗಳು ಸೆಲೆಸ್ತ್ ಅದನ್ನೊಮ್ಮೆ ನೋಡಿದಳು.

"ಪಾಯ್ ಮೆಣಸಿನ ಗಿಡಕ್ಕೆ ನೀರು ಹಾಕೋವಾಗ ಯಾವಾಗ್ಲೂ ಒಂದೇ ಹಾಡು ಸಿಳ್ಳೆ ಹೊಡೀತಿದ್ರಲ್ಲ, ನಂಗೆ ಗೊತ್ತಿರೋದು ಅದೊಂದೇ," ಎಂದಳು ಅಪ್ಪನ ಮುಖ ನೋಡುತ್ತ.

"ಅದಕ್ಕೂ ಬೈತಿದ್ದೆ. ಸಂಜೆ ಹೊತ್ತು ಸಿಳ್ಳೆ ಹೊಡೆದ್ರೆ ಹಾವು ಬರುತ್ತೆ ಅಂತ."

ಎವರಿಸ್ತ್ ನಗಲು ಹೋಗಿ ಕೆಮ್ಮಿದ. ಇನಾಸ್ ಮಾತ್ರ ಕಿತೇರಿಯ ಮುಖವನ್ನೇ ನೋಡುತ್ತಿದ್ದ.

"ಬಾಯೆ, ಮನೇಲಿ ನುಡಿಸ್ಬೇಡ ಅಂತ ನೀನೇ ಅಂದೆಯಂತಲ್ಲ?"

"ನಾನಾ? ಯಾವಾಗ?"

"ಮೊದಲ್ನೇ ರಜೇಲಿ. ಅವಳಿಗಾಗಲ್ಲ, ಸದ್ದು ಅವಳಿಗೆ ಹಿಡಿಸಲ್ಲ ಅಂತಿದ್ದ. ನಾವೂ ಹಾಗೇ ಅಂದ್ಕೊಂಡಿದ್ವಿ."

*

ಆ ರಜೆಗೆ ಬಂದಾಗ ಕಾಮಿಲ್ ತಂದದ್ದು ಒಂದು ಚೀಲ ಚಾಕೊಲೇಟು, ಪೌಡರು, ಮತ್ತು ಅವನನ್ನು ಕಂಡರೆ ಕಿರುಚುವ ಮಗಳಿಗೊಂದು ಗೊಂಬೆ. ಸೆಲೆಸ್ತ್‌ಗೆ ಹಲ್ಲು ಬರುತ್ತಿದ್ದ ಕಾಲ. ಕಿತೇರಿ ಎರಡು ರಾತ್ರಿ ನಿದ್ದೆಗೆಟ್ಟಿದ್ದಳು. ಮಧ್ಯಾಹ್ನ ಮಗುವನ್ನು ಹೇಗೋ ಮಲಗಿಸಿ ಮೀನಿನ ಸಾರಿಗೆ ತೆಂಗಿನಕಾಯಿ ತುರಿಯುತ್ತಿದ್ದಾಗ, ಗಂಡ ಕ್ಲಾರಿನೆಟ್ಟಿನ ತುಂಡುಗಳನ್ನು ಜೋಡಿಸಿ, ಊದುವ ತುದಿಯನ್ನು ಬಾಯಿಗಿಟ್ಟು ಒದ್ದೆ ಮಾಡುತ್ತಿದ್ದದ್ದು ಕಂಡಿತು.

"ಅಯ್ಯೋ ದೇವರೇ, ಅದನ್ನ ಒಳಗಿಡು ಮಾರಾಯ!"

ಅವಳು ಹೇಳಿದ್ದು ಆ ಗಳಿಗೆಯ ಮಟ್ಟಿಗೆ. ಹಡಗಿನವನಿಗೆ ಅದು ತಿಳಿಯಲಿಲ್ಲ. ಅಲ್ಲಿ ಯಾವುದಾದರೂ ಮೇಜಿನವರು ಒಮ್ಮೆ ಸದ್ದು ಜಾಸ್ತಿ ಎಂದರೆ ಮುಗಿಯಿತು, ಆ ಮೇಜಿನ ಹತ್ತಿರ ಮತ್ತೆ ಊದುವಂತಿಲ್ಲ. ಕಾಮಿಲ್ ತುಂಡುಗಳನ್ನು ಬಿಚ್ಚಿ, ಒರೆಸಿ, ಡಬ್ಬವನ್ನು ಕಪಾಟಿನ ಮೇಲಿಟ್ಟ.

ನಾಳೆ ತೆಗೆದಾನು, ನಾಡಿದ್ದು ತೆಗೆದಾನು ಎಂದು ಕಿತೇರಿ ಕಾದಳು. ಅವನು ತೆಗೆಯಲಿಲ್ಲ. ಕೇಳಿ ಪಡೆಯುವುದು ಅವಳ ಜಾಯಮಾನವಲ್ಲ. ಹೀಗೆ ಒಂದು ಮಗುವಿನ ನಿದ್ದೆ ಇಡೀ ಸಂಸಾರದ ಉದ್ದಕ್ಕೂ ಮುಂದುವರಿಯಿತು.

*

"ಮಗು ಮಲಗಿತ್ತು ಕಣೋ!" ಎಂದಳು ಕಿತೇರಿ. ಅವಳ ದನಿ ಏರಿ, ಬಾಗಿಲಲ್ಲಿ ನಿಂತಿದ್ದ ಹೆಂಗಸರು ಜಪ ನಿಲ್ಲಿಸಿದರು. "ಮಗು ಮಲಗಿತ್ತು, ಅದಕ್ಕೆ ಅಂದೆ! ಅಷ್ಟೂ ತಿಳೀಬಾರ್ದೇನೋ ಈ ಗಂಡಸಿಗೆ?"

ಪೆಟ್ಟಿಗೆಯೊಳಗಿನ ಗಂಡಸು ಎಂದಿನಂತೆ ಎದುರುತ್ತರ ಕೊಡಲಿಲ್ಲ. ಅವಳು ಅಲ್ಲೇ ಪೆಟ್ಟಿಗೆಯ ಅಂಚಿಗೆ ಹಣೆಯಿಟ್ಟು ಅತ್ತಳು. ಸಾವಿನ ದಿನದಿಂದ ಅವಳು ಅತ್ತದ್ದು ಅದೇ ಮೊದಲು.

ಅವಳು ಕಣ್ಣೊರೆಸಿಕೊಂಡ ಮೇಲೆ ಇನಾಸ್ ಮೆಲ್ಲಗೆ ಹೇಳಿದ: "ಬಾಯೆ, ಅವನು ನಿಂಗೆ ನುಡಿಸ್ಲಿಲ್ಲ ಅನ್ಬೇಡ. ನಿಂಗೊಂದು ಕುರ್ಚಿ ಇತ್ತು."

*

ಆ ರಜೆಗೂ ಮುಂಚಿನ ಮಾತು. ಕಾಮಿಲ್ ಮೊದಲ ಸಲ ಹಡಗು ಹತ್ತಿದ್ದು ಮಯಾಮಿಯಲ್ಲಿ, ಹೊಟ್ಟೆಯಲ್ಲಿ ಮಗು ಇಟ್ಟುಕೊಂಡಿದ್ದ ಹೆಂಡತಿಯನ್ನು ಊರಲ್ಲಿ ಬಿಟ್ಟು. ಕೋಣೆ ನೀರಿನ ಮಟ್ಟಕ್ಕಿಂತ ಕೆಳಗೆ. ಮೇಲಿನ ಮಂಚದಲ್ಲಿ ಇನಾಸ್‌ನ ಗೊರಕೆ. ಮೊದಲ ವಾರ ತಿಂದದ್ದು ನಿಲ್ಲಲಿಲ್ಲ. ಹಡಗು ಹೊರಡುವಾಗ ಹೂವಿನ ಅಂಗಿ ತೊಟ್ಟು ಡೆಕ್ಕಿನ ಮೇಲೆ ಕುಣಿತದ ಹಾಡು, ಬೆಳಿಗ್ಗೆ ಜಾಕೆಟ್ಟು ಕಟ್ಟಿಕೊಂಡು ಪ್ರಯಾಣಿಕರಿಗೆ ಜೀವರಕ್ಷಕ ದೋಣಿಗೆ ದಾರಿ ತೋರಿಸುವ ಕವಾಯತು, ಸಂಜೆ ಒಂದೇ ಸಲ ಕಣ್ಣಾಡಿಸಿದ ಹಾಳೆ ನೋಡಿ ಯಾರೋ ಗಾಯಕಿಗೆ ಜೊತೆ. ಕಾಲು ಅಗಲಿಸಿ ನಿಲ್ಲುವುದನ್ನು ಕಲಿತ. ನಗುವುದನ್ನು ಕಲಿಯಲಾಗಲಿಲ್ಲ. ಮುಂದಿನ ಬಂದರಿನಲ್ಲಿ ಇಳಿದುಬಿಡುತ್ತೇನೆ ಎಂದು ಇನಾಸ್‌ಗೆ ಹೇಳಿಯೂ ಆಗಿತ್ತು.

ಆ ಬಂದರು ಬಂತು. ಪ್ರಯಾಣಿಕರೆಲ್ಲ ದ್ವೀಪ ನೋಡಲು ಇಳಿದುಹೋದರು. ಮಧ್ಯಾಹ್ನದ ಚಹಾದ ಹೊತ್ತಿಗೆ ದೊಡ್ಡ ಹಾಲಿನಲ್ಲಿ ನರಪಿಳ್ಳೆ ಇಲ್ಲ. ಆದರೆ ಹಡಗಿನ ಕಟ್ಟಳೆ ಕಟ್ಟಳೆಯೇ: ಕೇಳುವವರಿರಲಿ ಇಲ್ಲದಿರಲಿ, ಹೊತ್ತು ಮುಗಿಯುವವರೆಗೆ ನುಡಿಸಬೇಕು. ಹದಿನಾಲ್ಕನೇ ನಂಬರಿನ ನಡುವೆ ಕಾಮಿಲ್ ನಿಲ್ಲಿಸಿದ.

"ನುಡಿಸೋ," ಎಂದ ಇನಾಸ್.

"ಯಾರಿಗೆ?"

ಅರ್ನೆಲ್ ಎಂಬ ಫಿಲಿಪೀನ್ಸಿನ ಮಾಣಿ ರತ್ನಗಂಬಳಿ ಗುಡಿಸಲೆಂದು ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದ. ಕಾಮಿಲ್ ವೇದಿಕೆಯಿಂದ ಇಳಿದು ಅವನ ಕೈ ಹಿಡಿದ.

"ಒಂದು ಕುರ್ಚಿ ಇರಲಿ."

"ಯಾರಾದ್ರೂ ಬರ್ತಾರಾ, ಪಾರೆ?" ಅವನ ಮಾತಿನಲ್ಲಿ ಪಾರೆ ಎಂದರೆ ಗೆಳೆಯ.

"ನನ್ನ ಹೆಂಡ್ತಿ."

ಅರ್ನೆಲ್ ನಗಲಿಲ್ಲ. ಅವನಿಗೂ ಊರಲ್ಲಿ ಒಬ್ಬಳಿದ್ದಳು. ಹೆಗಲ ಬಟ್ಟೆಯಿಂದ ಕುರ್ಚಿಯನ್ನು ಒರೆಸಿ, ವೇದಿಕೆಗೆ ಎದುರಾಗಿ ಇಟ್ಟು, ಉಳಿದವನ್ನು ಪೇರಿಸಿಕೊಂಡು ಹೋದ. ಕಾಮಿಲ್ ಮೊದಲಿನಿಂದ ಶುರು ಮಾಡಿದ. ಅವನು ಆ ಬಂದರಿನಲ್ಲಿ ಇಳಿಯಲಿಲ್ಲ. ಆಮೇಲೆ ಹಡಗು ಎಷ್ಟು ಬದಲಾದರೂ, ಬಂದರಿನ ದಿನ ಕಿತೇರಿಯ ಕುರ್ಚಿಯನ್ನು ಎತ್ತಬಾರದೆಂದು ಹೊಸ ಮಾಣಿಗೆ ಹಳೆಯ ಮಾಣಿಯೇ ಹೇಳಿಕೊಡುತ್ತಿದ್ದ.

*

ಮನೆಯಲ್ಲಿ ಪಾದ್ರಿ ಲುಕಾಸ್ ಪ್ರಾರ್ಥನೆ ಮುಗಿಸಿದ ಮೇಲೆ, ಪೆಟ್ಟಿಗೆ ಎತ್ತುವ ಮುನ್ನ ಕಿತೇರಿ ಅವರನ್ನು ತಡೆದಳು.

"ಸಿಮಿತ್ರಿಯಲ್ಲಿ ಇವರಿಬ್ರೂ ಒಂದು ವಾಲ್ಟ್ಜ್ ನುಡಿಸ್ತಾರೆ ಪಾದ್ರಿಗಳೆ."

"ಸತ್ತವರ ಜಾಗದಲ್ಲಿ ಕುಣಿಯೋ ಹಾಡೇನಮ್ಮ?"

"ಕುಣಿಯೋರು ಯಾರಿದ್ದಾರೆ? ನಾನು ಕೂತ್ಕೊಂಡಿರ್ತೀನಿ."

ಪಾದ್ರಿ ಅವಳನ್ನು ನೋಡಿದರು, ಇಬ್ಬರು ಮುದುಕರನ್ನು ನೋಡಿದರು. "ಕೊನೇ ಪ್ರಾರ್ಥನೆ ಆದ್ಮೇಲೆ ನಾನು ಗೇಟಿನ ಆಚೆ. ನನ್ನ ಕಿವಿ ಹೇಗೂ ಮಂದ," ಎಂದರು.

ಬ್ಯಾಂಡಿನವರು ಮಾರ್ಚು ಊದುತ್ತ ಮುಂದೆ ನಡೆದರು. ಸಿಮಿತ್ರಿಯಲ್ಲಿ ಪೆಟ್ಟಿಗೆ ಇಳಿಯಿತು, ಎಲ್ಲರೂ ಒಂದೊಂದು ಹಿಡಿ ಮಣ್ಣು ಹಾಕಿದರು, ಕಿತೇರಿಯ ಕೈ ಒತ್ತಿ ಹೊರಟರು. ವಯಸ್ಸಾದವರಿಗೆಂದು ಹಾಕಿದ್ದ ಪ್ಲಾಸ್ಟಿಕ್ ಕುರ್ಚಿಗಳು ಖಾಲಿಯಾದವು. ಇನಾಸ್ ಅವುಗಳಲ್ಲಿ ಒಂದನ್ನು ತಂದು, ಕರವಸ್ತ್ರದಿಂದ ಒರೆಸಿ, ಗುಂಡಿಗೆ ಎದುರಾಗಿ ಇಟ್ಟ.

"ಕೂತ್ಕೊ ಬಾಯೆ."

ಎವರಿಸ್ತ್ ಅಕಾರ್ಡಿಯನ್ ಬಿಚ್ಚಿ ಜೊತೆಯ ಸ್ವರಗಳನ್ನು ಒತ್ತತೊಡಗಿದ. ಇನಾಸ್ ಕೊರಳಿಗೆ ಸಣ್ಣ ಡ್ರಮ್ಮು ಹಾಕಿಕೊಂಡು ತಂತಿಯ ಕುಂಚಗಳಿಂದ ಸವರತೊಡಗಿದ. ಒಂದು, ಎರಡು, ಮೂರು. ಒಂದು, ಎರಡು, ಮೂರು. ಕಿತೇರಿ ಮಡಿಲಲ್ಲಿ ಕೈಯಿಟ್ಟು ಕಾದಳು. ಕಾದೇ ಕಾದಳು.

"ಹಾಡೆಲ್ಲಿ?" ಎಂದಳು ಕೊನೆಗೆ. "ಬರೀ ತಾಳ ಬರ್ತಿದೆ."

"ಹಾಡು ಅವನದು ಬಾಯೆ," ಎಂದ ಇನಾಸ್. ಅವನ ಗಲ್ಲದ ಮೇಲೆ ನೀರಿಳಿಯುತ್ತಿತ್ತು. "ನಮ್ದು ಇಷ್ಟೇ."

"ನಿಲ್ಲಿಸ್ಬೇಡಿ."

ಅವರು ಮತ್ತೊಂದು ಸುತ್ತು ಶುರು ಮಾಡಿದರು. ಕಿತೇರಿಯ ಕಪ್ಪು ಚಪ್ಪಲಿ ನೆಲವನ್ನು ಮುಟ್ಟಿ ಬಿಡತೊಡಗಿತು. ಆಮೇಲೆ ಅವಳು ತಲೆಯೆತ್ತಿ ಮಗಳ ಕಡೆ ನೋಡಿದಳು. ಸೆಲೆಸ್ತ್ ಆಗಲೇ ತಾಯಿಯನ್ನು ನೋಡುತ್ತಿದ್ದಳು.

"ಮಾಯ್," ಎಂದಳು ಸೆಲೆಸ್ತ್, "ಮೆಣಸಿನ ಗಿಡದ ಸಿಳ್ಳೆ."

ಕಿತೇರಿ ಬಾಯಿ ಮುಚ್ಚಿಕೊಂಡೇ ಗುನುಗಿದಳು. ಮೊದಲು ತೊದಲಿತು. ಎರಡನೆಯ ಸಾಲಿಗೆ ತಾಳದ ಮೇಲೆ ಸರಿಯಾಗಿ ಕುಳಿತಿತು. ಎಲ್ಲಿ ಏರಬೇಕು, ಎಲ್ಲಿ ಉಸಿರು ಹಿಡಿಯಬೇಕು ಎಲ್ಲವೂ ಅವಳಿಗೆ ಬರುತ್ತಿತ್ತು. ಎವರಿಸ್ತ್ ಬೆರಳು ತಪ್ಪದಂತೆ ಕಣ್ಣು ಮುಚ್ಚಿಕೊಂಡ.

ಗುಂಡಿ ತೋಡುವ ಜುಜೆ ಅಷ್ಟರಲ್ಲಿ ಕುರ್ಚಿಗಳನ್ನು ಒಯ್ಯಲು ಬಂದ. ಅವನಿಗೆ ಯಾರೂ ಏನೂ ಹೇಳಿರಲಿಲ್ಲ. ಒಂದು ಗಳಿಗೆ ನಿಂತು ನೋಡಿ, ಆ ಒಂದನ್ನು ಬಿಟ್ಟು ಉಳಿದವನ್ನು ಸದ್ದಾಗದಂತೆ ಒಂದರ ಮೇಲೊಂದು ಪೇರಿಸಿಕೊಂಡು ಹೋದ.